ಹೊರಗಿನಿಂದ ಬರುವವಳಿಗೆ ದಾರಿ

ಎದುರಾಳಿಗೆ ಜ್ವರ ಬಂದು, ಆ ಶನಿವಾರ ಬೆಳಗ್ಗೆ ಹೇರೆನ್‌ವೇನಿನ ಐಸ್ ರಿಂಕ್‌ನಲ್ಲಿ ಬೌಕ್ಯ ಒಬ್ಬಳೇ ಗೆರೆಯ ಮೇಲೆ ನಿಲ್ಲಬೇಕಾಯಿತು. ಸ್ಕೇಟಿಂಗ್‌ನಲ್ಲಿ ಮೂರು ಸಾವಿರ ಮೀಟರಿಗೆ ಇಬ್ಬಿಬ್ಬರನ್ನೇ, ಒಳಗಿನ ಓಣಿಯಲ್ಲೊಬ್ಬಳು ಹೊರಗಿನದರಲ್ಲೊಬ್ಬಳು ಎಂದು, ಬಿಡುವುದು ರೂಢಿ. ಒಳಗಿನ ಓಣಿಯವಳ ಬಿಳಿ ಪಟ್ಟಿ ಅವಳ ತೋಳಿನಲ್ಲಿತ್ತು. ಹೊರಗಿನವಳ ಕೆಂಪು ಪಟ್ಟಿ ಮೇಜಿನ ಮೇಲೇ ಬಿದ್ದಿತ್ತು.

"ಒಬ್ಳೇ ಆದ್ರೂ ಸುತ್ತಿಗೊಂದು ಸಲ ಓಣಿ ಬದಲಾಯಿಸ್ಲೇಬೇಕು, ನೆನಪಿರ್ಲಿ," ಎಂದ ಸೀಬ್ರನ್. "ಮರೆತ್ರೆ ಆಟದಿಂದಾನೇ ತೆಗೀತಾರೆ."

"ಮೂವತ್ತು ವರ್ಷದಿಂದ ಇದೇ ಮಾಡ್ತಿದ್ದೀನಿ. ಈಗ ನೀನು ಹೇಳ್ಕೊಡು ನಂಗೆ."

ಸೀಬ್ರನ್, ವರ್ಷಗಟ್ಟಲೆ ಹೊರಗಿನ ಓಣಿಯಲ್ಲಿ ಅವಳ ಜೋಡಿಯಾಗಿ ಓಡಿದ ಗೆಳತಿ ಮಿಂಕೆಯ ಗಂಡ. ಮಿಂಕೆ ತೀರಿಹೋಗಿ ಹದಿನಾಲ್ಕು ತಿಂಗಳಾಗಿತ್ತು. ಅರವತ್ತು ದಾಟಿದ ಹೆಂಗಸರ ಗುಂಪಿನಲ್ಲಿ ಕ್ಲಬ್ಬಿನ ದಾಖಲೆ ಇನ್ನೂ ಅವಳದೇ, ಐದು ನಿಮಿಷ ಹದಿನೆಂಟು ಸೆಕೆಂಡು. "ಅದನ್ನ ಮುರಿಯೋಕೆ ನೀನು ಇನ್ನೊಂದು ಜನ್ಮ ಎತ್ತಿ ಬರ್ಬೇಕು ಕಣೇ," ಎಂದು ಸೋಂಪು ಹಾಕಿದ ಬಿಸಿ ಹಾಲು ಕುಡಿಯುತ್ತ ಕೆಣಕುತ್ತಿದ್ದಳು. ಮುಂದಿನ ಚಳಿಗಾಲಕ್ಕೆ ಬೌಕ್ಯಳಿಗೆ ಅರವತ್ತೈದು ತುಂಬಿ ಗುಂಪೇ ಬದಲಾಗುತ್ತದೆ. ಮುರಿದರೆ ಇವತ್ತೇ ಮುರಿಯಬೇಕು. ಆದರೆ ಮುರಿದ ಮೇಲೆ ಯಾರ ಮುಂದೆ ಜಂಬ ಕೊಚ್ಚುವುದು?

ಪಿಸ್ತೂಲು ಸಿಡಿಯಿತು. ಮೊದಲ ಇನ್ನೂರು ಮೀಟರಿಗೆ ಇಪ್ಪತ್ತನಾಲ್ಕು ಸೆಕೆಂಡು. ಉಳಿದ ಏಳು ಸುತ್ತು ನಲವತ್ತೆರಡರ ಒಳಗೇ ಮುಗಿದರೆ ಸಾಕು. ಓಣಿ ದಾಟುವ ಕಡೆ ನಿಂತ ಸೀಬ್ರನ್ ಪ್ರತಿ ಸುತ್ತಿನ ಸಮಯವನ್ನೂ ಹಲಗೆಯ ಮೇಲೆ ಬರೆದು ತೋರಿಸಿದ. ನಲವತ್ತೆರಡು. ನಲವತ್ತೊಂದೂವರೆ. ನಲವತ್ತೆರಡು. ಪಕ್ಕದಲ್ಲಿ ಇನ್ನೊಬ್ಬಳ ಉಸಿರಿಲ್ಲ, ಬ್ಲೇಡಿನ ಸದ್ದಿಲ್ಲ. ಇಷ್ಟು ದೊಡ್ಡ ರಿಂಕ್‌ನಲ್ಲಿ ತನ್ನ ಕಾಲ ಸದ್ದೊಂದೇ ಕೇಳಿ ಅವಳಿಗೆ ಅಳು ಬಂದಂತಾಯಿತು.

ಕೊನೆಯ ಸುತ್ತಿನ ಗಂಟೆ ಮೊಳಗಿತು. "ಬಾ ಬಾ, ಆಗ್ತದೆ, ಸಿಕ್ತು ನಿಂಗೆ," ಎಂದು ಸೀಬ್ರನ್ ಹಲಗೆ ಬಿಟ್ಟು ಕೈ ಬೀಸಿದ. ಬೌಕ್ಯ ಒಳಗಿನ ಓಣಿಯಿಂದ ಹೊರಗಿನದಕ್ಕೆ ದಾಟಬೇಕಿತ್ತು. ದಾಟಲು ಹೊರಟವಳು ಬಲಭುಜದ ಮೇಲಿಂದ ಹಿಂತಿರುಗಿ ನೋಡಿದಳು. ಬಗ್ಗಿದ್ದ ಬೆನ್ನು ಎತ್ತಿದಳು. ಎರಡು ಹೆಜ್ಜೆ ಎತ್ತಿಡದೆ ಸುಮ್ಮನೆ ಜಾರಿದಳು. ಆಮೇಲೆ ಮತ್ತೆ ಬಗ್ಗಿ, ಹಲ್ಲು ಕಚ್ಚಿ ಓಡಿದಳು.

ಐದು ನಿಮಿಷ ಹದಿನೆಂಟೂವರೆ ಸೆಕೆಂಡು.

ಬೌಕ್ಯ ಬೆಂಚಿನ ಮೇಲೆ ಕುಸಿದು ಶೂ ಲೇಸು ಬಿಚ್ಚುತ್ತಿದ್ದಾಗ ಸೀಬ್ರನ್ ಬಂದ. ಅವನ ಮುಖ ಕೆಂಪಾಗಿತ್ತು.

"ಅಲ್ಲ ಕಣೇ, ಕೈಗೆ ಬಂದಿದ್ದನ್ನ ಬಿಟ್ಟೆಯಲ್ಲ. ಯಾರಿಗೆ ದಾರಿ ಬಿಟ್ಟೆ ಅಲ್ಲಿ? ಯಾರಿದ್ರು?"

"ಹೊರಗಿನಿಂದ ಬರೋರಿಗಲ್ವಾ ಮೊದಲು ದಾರಿ?" ಅವಳು ತಲೆ ಎತ್ತಲಿಲ್ಲ. "ಯಾವಾಗ್ಲೂ ಕೊನೇ ಸುತ್ತಲ್ಲೇ ತಾನೇ ಅವಳು ಮೈಮೇಲೆ ಬರ್ತಿದ್ದದ್ದು."

ಸೀಬ್ರನ್ ಹಲಗೆಯನ್ನು ಗೋಡೆಗೆ ಒರಗಿಸಿಟ್ಟು ಅವಳ ಪಕ್ಕ ಕೂತ.

"ಬಂದ್ಳಾ?" ಎಂದು ಕೇಳಿದ.

"ಇಲ್ಲ ಕಣೋ," ಎಂದಳು ಬೌಕ್ಯ. "ಅರ್ಧ ಸೆಕೆಂಡು ಕಾದೆ."