ಮೂರನೆಯ ತುಂಡು

ಮೇಮ್‌ಸಾಹೇಬರು ಪ್ಲೇಟಿನ ಮುಚ್ಚಳ ತೆಗೆದರು, ಎಣಿಸಿದರು, ಮತ್ತೆ ಮುಚ್ಚಿದರು.

ಎರಡು ಮೊಟ್ಟೆ, ಎರಡು ಸಾಸೇಜು, ಸೀಳಿ ಹುರಿದ ಟೊಮೇಟೊ, ಕರಿದ ಬ್ರೆಡ್ಡು ಎಲ್ಲ ಸರಿಯಾಗಿದ್ದವು. ಉಪ್ಪು ಹಾಕಿದ ಹಂದಿಮಾಂಸದ ಬೇಕನ್ ಮಾತ್ರ ಎರಡೇ ತುಂಡು. ಬೆಳಿಗ್ಗೆ ಡಬ್ಬಿಯಿಂದ ಮೂರು ತುಂಡು ತೆಗೆದು ಕೊಟ್ಟವರು ಅವರೇ. ಹೋದ ಎರಡು ರವಿವಾರವೂ ಹೀಗೇ ಆಗಿತ್ತು. ಆಗ ಅವರು ಸುಮ್ಮನೆ ನೋಡಿಕೊಂಡಿದ್ದರು.

ಹುಬ್ಬಳ್ಳಿಯ ಆ ರೈಲ್ವೆ ಬಂಗಲೆಗೆ ಅವರು ಮದುವೆಯಾಗಿ ಬಂದು ಒಂದು ತಿಂಗಳಾಗಿತ್ತು. ಅದಕ್ಕೆ ಮುಂಚೆ ಎಂಟು ವರ್ಷ ಸಾಹೇಬರು ಒಬ್ಬರೇ ಇದ್ದರು. ಪೇಪರು ಓದುತ್ತ, ಮುಂದೆ ಬಂದದ್ದನ್ನು ತಿನ್ನುತ್ತಿದ್ದರು. ಮೇಮ್‌ಸಾಹೇಬರ ಲೆಕ್ಕವೇ ಬೇರೆ. ಅಣಬೆ ಈ ಊರಲ್ಲಿ ಸಿಗದಿದ್ದರೆ ನಡೆದೀತು. ಮೂರು ತುಂಡು ಬೇಕನ್ ಇಲ್ಲದ್ದು ಇಂಗ್ಲಿಷರ ನಾಷ್ಟಾವೇ ಅಲ್ಲ.

ಕಳ್ಳನನ್ನು ಹುಡುಕುವ ಕಷ್ಟವೂ ಇರಲಿಲ್ಲ. ಅಡುಗೆಯ ಹುಸೇನಬಾಷಾ ಹಂದಿಮಾಂಸವನ್ನು ಮುಟ್ಟುತ್ತಿರಲಿಲ್ಲ. ಅದಕ್ಕೆಂದೇ ಹಿತ್ತಲಲ್ಲಿ, ಬಾವಿಯ ಪಕ್ಕಕ್ಕೆ, ಬೇರೆ ಒಲೆ, ಬೇರೆ ತವೆ. ಅದನ್ನು ಹುರಿದು ಪ್ಲೇಟಿಗೆ ಇಡುವವನು ನೀಲಪ್ಪ. ಊರ ಹೊರಗಿನ ಕೇರಿಯಿಂದ ಬಂದವನು. ಬಂಗಲೆಯ ಹಿಂದಿನ ಒಂದು ಖೋಲಿಯಲ್ಲಿ ಹೆಂಡತಿ ಮುದಕವ್ವ, ಮಗಳು ಗುಡ್ಡವ್ವನೊಡನೆ ಇದ್ದ. ಮುದಕವ್ವನಿಗೆ ಏಳು ತಿಂಗಳು.

"ಬಸರಿ ಹೆಂಗಸಿನ ಬಯಕಿ, ಹೌದಿಲ್ಲೋ?" ಹುಸೇನಬಾಷಾ ಹಿತ್ತಲಿಗೆ ಬಂದು ಮೆಲ್ಲಗೆ ಕೇಳಿದ. "ಹೇಳಿಬಿಡೋ ನೀಲ್ಯಾ. ಮೇಮ್‌ಸಾಹೇಬರೂ ಹೆಂಗಸ. ಕರಗತಾರ."

"ಆಶಾ ಪಟ್ಟವರ ಬಾಯಿಗೆ ಬಿದ್ದೈತಿ, ಕಾಕಾ. ಹೆಸರ ಕೇಳಬ್ಯಾಡ್ರಿ."

"ಕೆಲಸ ಹೋಗತೈತಲೇ! ಖೋಲಿನೂ ಹೋಗತೈತಿ. ಈ ಸ್ಥಿತಿಯೊಳಗ ಆಕೀನ್ನ ಎಲ್ಲಿಗೆ ಕರಕೊಂಡು ಹೋಗಾಂವ ನೀ?"

"ಹೋಗೂದಿಲ್ಲ ತಗೋರಿ. ರಾಯರು ಅದಾರಲ್ಲ."

ರಾಯರೆಂದರೆ ಆಫೀಸಿನ ಹೆಡ್‌ಕ್ಲಾರ್ಕು ತ್ರ್ಯಂಬಕರಾಯರು. ಪ್ರತಿ ರವಿವಾರ ಬೆಳಿಗ್ಗೆ ಫೈಲು ಹಿಡಿದು ಬರುವವರು. ಬಹಳ ಮಡಿಯ ಮನುಷ್ಯ. ಮಾಂಸ ಬೇಯುವ ಮನೆಯೊಳಗೆ ಕೂರುವುದಿಲ್ಲವೆಂದು, ಸಾಹೇಬರು ಕರೆಯುವ ತನಕ ಬಾವಿಕಟ್ಟೆಯ ಹತ್ತಿರ ಮೂಗಿಗೆ ಹೆಗಲ ಮೇಲಿನ ಉಪರಣೆ ಹಿಡಿದು ನಿಲ್ಲುತ್ತಿದ್ದರು. ಹೊರಟಾಗ ಬಾಯಲ್ಲೊಂದು ಲವಂಗ. ಮನೆ ಮುಟ್ಟಿದ ಮೇಲೂ ಹಿತ್ತಲಲ್ಲಿ ತಲೆಮೇಲೆ ನೀರು ಸುರಿದುಕೊಂಡೇ ಒಳಗೆ ಕಾಲಿಡುವುದು. ಆದರೂ ಮನಸ್ಸು ದೊಡ್ಡದು. ಗುಡ್ಡವ್ವನ ಹೆಸರನ್ನು ಸಾಲೆಗೆ ಹಚ್ಚಿಸಿಕೊಟ್ಟವರು ಅವರೇ. ಮಾಸ್ತರರು ಹುಡುಗಿಯನ್ನು ಹೊರಗೆ ಕೂರಿಸಿದಾಗ ಹೋಗಿ ಮಾತಾಡಿ ಒಳಗೆ ಕೂರಿಸಿ ಬಂದಿದ್ದರು. ನೀಲಪ್ಪ ಅದನ್ನು ಮರೆತಿರಲಿಲ್ಲ.

ಮೇಮ್‌ಸಾಹೇಬರಿಗೆ ಕನ್ನಡ ಬಾರದು, ನೀಲಪ್ಪನಿಗೆ ಇಂಗ್ಲಿಷ್ ಬಾರದು. ಹಿಂದಿನ ವರಾಂಡದಲ್ಲಿ ವಿಚಾರಣೆ ನಡೆಯಿತು. ಮಾತು ದಾಟಿಸಲು ರಾಯರನ್ನೇ ಕರೆದರು. ನೀಲಪ್ಪನ ಮುಖದ ಬಿಗಿ ಸಡಿಲಿತು.

"ತುಂಡು ತಗದಾಂವ ನೀನs ಏನೋ?" ರಾಯರು ಅಂಗಳದ ಕಡೆ ನೋಡುತ್ತ ಕೇಳಿದರು.

"ಹೌದ್ರಿ. ತಗದಾಂವ ನಾನs. ಯಾಕ ತಗದ್ನಿ ಅನ್ನೂದನ್ನ ನೀವs ತಿಳಿಸಿ ಹೇಳ್ರಿ, ರಾಯರ. ನನಕಿಂತ ನಿಮಗ ಛಲೋ ಗೊತ್ತೈತಿ."

ರಾಯರು ಗಂಟಲು ಸರಿಮಾಡಿಕೊಂಡು ಮೇಮ್‌ಸಾಹೇಬರ ಕಡೆ ತಿರುಗಿ ಒಂದು ವಾಕ್ಯ ಹೇಳಿದರು. ಚಿಕ್ಕ ವಾಕ್ಯ. ಹುಸೇನಬಾಷಾನಿಗೆ ತಿಂಡಿಗಳ ಹೆಸರು ಬಿಟ್ಟರೆ ಗೊತ್ತಿದ್ದ ಇಂಗ್ಲಿಷ್ ಶಬ್ದಗಳು ನಾಲ್ಕೈದು. ಅದರಲ್ಲೊಂದು 'ಥೀಫ್'. ಅದು ಅವನ ಕಿವಿಗೆ ಬಿತ್ತು.

ನೀಲಪ್ಪನಿಗೆ ತಿಳಿಯಲಿಲ್ಲ. ಅವನು ಇನ್ನೂ ಕೈಕಟ್ಟಿ ಸಣ್ಣಗೆ ನಗುತ್ತಲೇ ನಿಂತಿದ್ದ. ಮೇಮ್‌ಸಾಹೇಬರು ಏನೋ ಹೇಳಿ ಒಳಗೆ ಹೋದರು.

"ಸಂಜಿಯೊಳಗ ಖೋಲಿ ಖಾಲಿ ಮಾಡಬೇಕಂತ," ಎಂದರು ರಾಯರು.

ನೀಲಪ್ಪ ಅವರ ಮುಖವನ್ನೇ ನೋಡಿದ. ಬಂಗಲೆಯ ಕೆಲಸಕ್ಕೆ ಬಂದ ಎಂಟು ವರ್ಷದಲ್ಲಿ ಹಾಗೆ ನೇರವಾಗಿ ನೋಡಿದ್ದು ಅದೇ ಮೊದಲು.

"ಎಲ್ಲಾ ಹೇಳಿದ್ರ್ಯಾ, ರಾಯರ?"

"ಹೇಳೂವಷ್ಟು ಹೇಳೀನಿ."

ಹೊರಡುವ ಹೊತ್ತಿಗೆ ಮೇಮ್‌ಸಾಹೇಬರು ತಾವೇ ಹಿತ್ತಲಿಗೆ ಬಂದು, ಮುದಕವ್ವನ ಹೊಟ್ಟೆ ನೋಡಿ, ಒಂದು ಉಣ್ಣೆಯ ಚಾದರವನ್ನು ಅವಳ ಕೈಗಿಟ್ಟು ಸರಕ್ಕನೆ ತಿರುಗಿ ಹೋದರು. ಹುಸೇನಬಾಷಾ ಬಿಸಿ ರೊಟ್ಟಿಗಳನ್ನು ಅರಿವೆಯಲ್ಲಿ ಕಟ್ಟಿಕೊಟ್ಟ. ಗುಡ್ಡವ್ವ ಪಾಟಿಯನ್ನು ಎದೆಗವುಚಿಕೊಂಡಿದ್ದಳು.

"ಇನ್ನರೆ ಹೇಳೋ," ಹುಸೇನಬಾಷಾ ಗೇಟಿನ ತನಕ ಹಿಂದೆ ಬಂದ. "ಯಾರಿಗೆ ಕೊಟ್ಟಿ? ನಾ ಹೋಗಿ ಸಾಹೇಬರ ಕಾಲ ಹಿಡೀತೇನಿ."

"ಹೇಳಿದ್ರ ಅವರ ಮನೀನೂ ಮುರೀತೈತಿ, ಕಾಕಾ. ಒಂದ ಮನಿ ಮುರದದ್ದು ಸಾಕು."

ಆ ಇನ್ನೊಂದು ಮನೆ ಯಾರದೆಂದು ತಿಳಿಯದೆ ಹುಸೇನಬಾಷಾ ಮುದಕವ್ವನ ಕಡೆ ನೋಡಿದ. ಅವಳು ತಲೆಯ ಮೇಲಿನ ಗಂಟಿಗೆ ಕೈ ಕೊಟ್ಟು, ಗಬ್ಬೂರಿನ ದಾರಿ ಹಿಡಿದಳು.

ಮುಂದಿನ ರವಿವಾರ ಹಿತ್ತಲ ಒಲೆಯ ಮುಂದೆ ಮೇಮ್‌ಸಾಹೇಬರೇ ಕೂತು ಬೇಕನ್ ಹುರಿದರು. ಪ್ಲೇಟನ್ನೂ ತಾವೇ ಒಯ್ದರು. ಮೂರಕ್ಕೆ ಮೂರೂ ತುಂಡು ಇದ್ದವು. ಅವರ ಮುಖದಲ್ಲಿ ಸಮಾಧಾನವಿತ್ತು.

ಸ್ವಲ್ಪ ಹೊತ್ತಿಗೆ ರಾಯರು ಫೈಲು ಹಿಡಿದು ಬಂದರು. ಬಾವಿಕಟ್ಟೆಯನ್ನು ನೋಡಿದರು, ಆರಿದ ಒಲೆಯನ್ನು ನೋಡಿದರು, ಸುತ್ತ ಯಾರೂ ಇಲ್ಲವಲ್ಲ ಎಂದು ನೋಡಿದರು. ಆಮೇಲೆ ಉಪರಣೆ ಮೂಗಿನಿಂದ ಇಳಿಸಿ, ಅಡುಗೆಮನೆಯ ಬಾಗಿಲಿಗೆ ಬಂದು, ಎಂದೂ ಇಲ್ಲದ ಮೆತ್ತನೆಯ ದನಿಯಲ್ಲಿ ಕೇಳಿದರು:

"ಹುಸೇನಬಾಷಾ, ನೀಲಪ್ಪ ಹೋಗೂ ಮುಂದ ನಿನಗ ಹೇಳಲಿಲ್ಲೇನು? ನನ್ನ ತುಂಡು ಬಾಳಿಎಲಿಯೊಳಗ ಸುತ್ತಿ ಬಾವಿಕಟ್ಟಿ ಮ್ಯಾಲೆ ಇಡತಿದ್ದ."