ಸುಟ್ಟು ನೋಡಿದ ಎಳೆ

“ಹೇಳೋ ಇವರ ಮುಂದೆ! ನನ್ನ ರೇಷ್ಮೆ ಎಲ್ಲಿ ಮಾರ್ದೆ?”

ಹೆಗಲ ಮೇಲಿನ ವಸ್ತ್ರ ಹಿಡಿದೇ ನೇಕಾರ ತಿರುಮಲೈ ಬಣ್ಣಗಾರ ತಂಗಮಣಿಯನ್ನು ಸೌಡಮ್ಮನ ಗುಡಿಯಂಗಳಕ್ಕೆ ಎಳೆದು ತಂದಿದ್ದ. ನೆಗಮದ ನೇಕಾರರೆಲ್ಲ ಮಗ್ಗ ನಿಲ್ಲಿಸಿ ಬಂದು ಕೂತಿದ್ದರು. ನಡುವೆ ಒಂದು ಕೆಂಪಂಚಿನ ಸೀರೆ ಬಿದ್ದಿತ್ತು. ವೆಳ್ಳಕೋಯಿಲಿನ ಗೌಂಡರ ಮದುವಣಗಿತ್ತಿ ಅದನ್ನುಟ್ಟು ಅರಿಶಿನದ ನೀರು ಹೊಯ್ಯಿಸಿಕೊಂಡಾಗ, ಹತ್ತಿಯ ಒಡಲು ಗಟ್ಟಿಯಾಗಿ ನಿಂತಿತ್ತು. ರೇಷ್ಮೆಯ ಅಂಚು ಮಾತ್ರ ಬಾಳೆಲೆಯಂತೆ ಸೀಳಿತ್ತು. ಹೆಣ್ಣಿನ ಅಣ್ಣಂದಿರು ಸೀರೆಯನ್ನು ಇಲ್ಲಿಗೇ ತಂದು ಎಸೆದು, ಉಗಿದು ಹೋಗಿದ್ದರು.

ಕಳ್ಳನೂಲು ನೇಯ್ದವನ ಮಗ್ಗದ ಕುಳಿಗೆ ಮಣ್ಣು ತುಂಬಬೇಕು. ಅದು ಇವರ ಕಟ್ಟಳೆ. ಇವತ್ತು ಈ ಸೀರೆ ನೇಯ್ದ ತಿರುಮಲೈಯ ಕುಳಿ ಮುಚ್ಚಬೇಕು, ಇಲ್ಲವೇ ನೂಲಿಗೆ ಬಣ್ಣ ಹಾಕಿದ ತಂಗಮಣಿಯ ಬಾನಿ ಒಡೆಯಬೇಕು.

ಯಜಮಾನ ದೊರೈಸಾಮಿ ಉಳಿದ ಕೆಂಪು ನೂಲನ್ನು ಚೊಂಬಿನ ನೀರಿಗೆ ಅದ್ದಿ ಎಳೆದರು. ಸದ್ದಿಲ್ಲದೆ ತುಂಡಾಯಿತು. ಒಣ ಎಳೆಯನ್ನು ದೀಪಕ್ಕೆ ಹಿಡಿದರು. ಕಾಗದ ಸುಟ್ಟ ವಾಸನೆ. ಉಳಿದದ್ದು ಚಿಟಿಕೆ ಬೂದಿ.

“ಮರದ ತಿರುಳಿನ ಕಳ್ಳ ರೇಷ್ಮೆ,” ಎಂದರು. “ಜಪಾನಿನ ಹಡಗಲ್ಲಿ ಬರ್ತದಲ್ಲ, ಅದೇ. ನೀರು ಕುಡಿದ್ರೆ ಹತ್ತಿಗೆ ಬಲ ಬರ್ತದೆ, ಇದಕ್ಕೆ ಉಸಿರೇ ಹೋಗ್ತದೆ. ನೂಲು ಯಾರು ತಂದದ್ದು?”

“ನಾನೇ, ಕೊಯಮತ್ತೂರಿಂದ,” ದೇವರಾಜನ್ ಕೂತಲ್ಲೇ ಕೈಮುಗಿದ. ಅವನು ತಿರುಮಲೈಯ ಸೋದರಮಾವ; ಬರುವ ತೈ ತಿಂಗಳಲ್ಲಿ ಮಗಳು ರುಕ್ಮಣಿಯನ್ನು ಇವನಿಗೇ ಕೊಡುವವನಿದ್ದ. “ಆದ್ರೆ ಪರೀಕ್ಷೆ ಮಾಡಿ ತಗೊಂಡದ್ದು ನಮ್ಮ ಹುಡುಗನೇ. ಕೇಳಿ ಬೇಕಾದ್ರೆ.”

ಹೌದು, ಮಾಡಿದ್ದ. ನೂಲು ಬಂದ ಬೆಳಿಗ್ಗೆ ತಿರುಮಲೈ ಬೀದಿಯಲ್ಲಿ ಹಾಸುನೂಲಿಗೆ ಗಂಜಿ ಹೊಡೆಯುತ್ತಿದ್ದ. ಮಾವ ಬಿಳಿ ನೂಲಿನ ಲಡಿಗಳನ್ನು ಜಗಲಿಗಿಟ್ಟು ಹೋದ. ಇವನು ಮೊಣಕೈತನಕ ಗಂಜಿ ಮೆತ್ತಿಕೊಂಡೇ ಬಂದು ಸುಟ್ಟು ನೋಡಬೇಕೆಂದಾಗ ತಾಯಿ ಪಳನಿಯಮ್ಮ ಮುಖ ಊದಿಸಿಕೊಂಡಿದ್ದಳು.

“ಮಾಮನ ಮೇಲೇ ಸಂದೇಹವಾ? ಹೆಣ್ಣು ಕೊಡೋ ಮನೆ ಅದು, ಕಂದಾ.”

“ಮಾಮ ಆದ್ರೇನು, ನೂಲು ನೂಲೇ.”

“ಸರಿ, ಆ ಕೈಯಲ್ಲಿ ಮುಟ್ಬೇಡ. ಒಳಗೆ ಕೆಂಡ ಐತೆ.” ಅವಳೇ ಲಡಿಯನ್ನು ಒಳಗೊಯ್ದಳು; ಅವನು ಬರುವಷ್ಟರಲ್ಲಿ ಬಿಳಿ ಎಳೆಯೊಂದನ್ನು ತೊಡೆಯ ಮೇಲೆ ಹೊಸೆದು, ಕೆಂಡಕ್ಕೆ ಹಿಡಿದಿದ್ದಳು. ತಿರುಮಲೈ ಬಾಗಿ ಮೂಸಿದ. ಕೂದಲು ಸುಟ್ಟ ನಾತ, ಗಂಟಲಲ್ಲಿ ಒಂದಿಷ್ಟು ಕಹಿ. ತುದಿಯಲ್ಲಿ ಕರಿ ಗುಂಡು. ಅಮ್ಮ ಉಗುರಲ್ಲಿ ಒತ್ತಿದರೆ ಪುಡಿ. ಹುಳದ ರೇಷ್ಮೆಯೇ! ಲಡಿಗಳು ಅವತ್ತೇ ತಂಗಮಣಿಯ ಮನೆಗೆ ಹೋದವು. ಬಿಳಿಯಾಗಿ ಹೋದದ್ದು ಕೆಂಪಾಗಿ ಬಂತು. ನಡುವೆ ಇನ್ನೊಂದು ಕೈ ಸೋಕಿದ್ದಿಲ್ಲ.

“ನೀ ಕೊಟ್ಟದ್ದಕ್ಕೇ ಬಣ್ಣ ಹಾಕ್ದೆ, ಸತ್ಯಮಾ,” ಎಂದ ತಂಗಮಣಿ. ಅವನ ತುಟಿ ಒಡೆದಿತ್ತು. ಒಡೆದದ್ದು ತಿರುಮಲೈಯ ಮುಷ್ಟಿ. “ಬಣ್ಣ ಹತ್ತೋ ರೀತಿ ಸರಿಯಿಲ್ಲ ಅಂತ ಅವತ್ತೇ ಹೇಳ್ದೆ. ‘ನಾ ಸುಟ್ಟು ನೋಡಿದೀನಿ, ಬಾಯ್ಮುಚ್ಚು’ ಅಂದೆ.”

“ಕಳ್ಳನೇ ಮೊದ್ಲು ಕೂಗೋದು!”

“ಡೇಯ್, ನಿಮ್ಮನೆ ಅನ್ನ ತಿಂದು ಬೆಳೆದವನು ನಾನು. ನಿಮ್ಮಮ್ಮ ಬೀದಿ ತಿರುವಿಗೆ ಬರೋಕೆ ಮುಂಚೆ ತಲೆಯ ಬೇವಿನೆಣ್ಣೆ ವಾಸ್ನೆ ಬರ್ತದೆ, ‘ಬೇವಿನ ಮರ ಬಂತು, ಏಳೋ’ ಅಂತ ಮಗ್ಗದ ಮೇಲೆ ತೂಕಡಿಸ್ತಿದ್ದ ನಿನ್ನ ಎಬ್ಬಿಸ್ತಿದ್ದವನು. ನನ್ನ ಬಿಟ್ಟು ನಿನ್ನ ಮೂಗ ನಂಬ್ತ್ಯಾ?”

ಹೆಂಗಸರ ಸಾಲಿನಲ್ಲಿ ಒಂದಿಬ್ಬರು ನಕ್ಕರು. ಪಳನಿಯಮ್ಮ ನರೆತ ತಲೆಗೆ ಸೆರಗೆಳೆದುಕೊಂಡಳು.

“ನನ್ನ ಮೂಗು ನಂಗೆ ದ್ರೋಹ ಮಾಡಿಲ್ಲ,” ಎಂದ ತಿರುಮಲೈ.

ಯಜಮಾನರು ಬಾನಿ ಒಡೆಯಲೆಂದು ತಲೆಯಾಡಿಸಿದರು. ಅದಕ್ಕೆ ಬೇರೆಯವರನ್ನು ತಿರುಮಲೈ ಬಿಡಲಿಲ್ಲ. ನೂಲು ಬಡಿಯುವ ತನ್ನ ಹಲಗೆಯನ್ನೇ ಮಗ್ಗದಿಂದ ಕಿತ್ತು ತಂದು ಹೊಡೆದ. ಕೆಂಪು ನೀರು ಬೀದಿಯುದ್ದ ಹರಿಯಿತು. ಒಂದೇ ತಟ್ಟೆಯಲ್ಲಿ ಉಂಡವನು, ಒಂದೇ ದಿನ ಇಸ್ಕೂಲು ಬಿಟ್ಟವನು, ಹೀಗೆ ಕತ್ತು ಕೊಯ್ದನಲ್ಲ! ಹಲಗೆ ಮುರಿದರೂ ಅವನ ಕೈ ನಿಲ್ಲಲಿಲ್ಲ.

ತಂಗಮಣಿ ಒಂದು ಗಂಟು ಹೊತ್ತು ಕೊಯಮತ್ತೂರಿನ ಮಿಲ್ಲಿನ ದಾರಿ ಹಿಡಿದ. ಬೀದಿಯ ತುದಿಯಲ್ಲಿ ಒಮ್ಮೆ ನಿಂತ. ತಿರುಮಲೈ ಅತ್ತ ಉಗಿದು ಮನೆಗೆ ಬಂದ.

ದೀಪ ಹಚ್ಚುವ ಹೊತ್ತು. ಪಳನಿಯಮ್ಮ ಅವನನ್ನು ಬಾಗಿಲಲ್ಲೇ ತಡೆದಳು.

“ಊರ ಕಣ್ಣೆಲ್ಲ ನಿನ್ನ ಮೇಲೇ ಇತ್ತು, ಕಂದಾ. ದಿಟ್ಟಿ ತೆಗೀತೀನಿ, ಮೂಡಲಿಗೆ ಕೂತ್ಕೋ.”

“ಅಮ್ಮಾ, ಅವ್ನು ಯಾಕೆ ಹಂಗೆ ಮಾಡ್ದ?”

“ಹೋಗ್ಲಿ ಬಿಡು. ಯಾರ್ಯಾರಿಗೆ ಏನೇನು ಕಷ್ಟವೋ.” ಅವಳು ಸೆರಗಿನಿಂದ ಅವನ ಕೈಯ ಕೆಂಪು ಒರೆಸಿದಳು. “ಮಾಮನ ಮಾನ ಉಳೀತು. ನಿನ್ನ ಮದುವೆ ಉಳೀತು. ಅಷ್ಟು ಸಾಕು.”

ಉಪ್ಪು, ಒಣಮೆಣಸು, ಬೀದಿಯ ಮಣ್ಣು ಹಿಡಿಯಲ್ಲಿ ತೆಗೆದುಕೊಂಡಳು. ಬಾಚುವಾಗ ಉದುರಿದ ಕೂದಲನ್ನು ಉಂಡೆ ಮಾಡಿ ಗೋಡೆಯ ಸಂದಿಗೆ ತುರುಕಿಡುವುದು ಅವಳ ರೂಢಿ. ಅದನ್ನೂ ಎಳೆದು ತೆಗೆದಳು. ಬೆಳ್ಳಗೆ, ನುಣ್ಣಗೆ, ದೀಪದ ಬೆಳಕಿಗೆ ಲಡಿಯ ನೂಲಿನಂತೆಯೇ ಹೊಳೆಯಿತು. ಅವನ ತಲೆಯ ಸುತ್ತ ಇಳಿತೆಗೆದು, ಎಲ್ಲವನ್ನೂ ಕೆಂಡಕ್ಕೆ ಸುರಿದಳು.

ಮೆಣಸಿನ ಘಾಟಿಗೂ ಮುಂಚೆ ಹೊಗೆ ಅವನ ಮೂಗಿಗೆ ಬಡಿಯಿತು: ಕೂದಲು ಸುಟ್ಟ ನಾತ, ಅದರೊಳಗೆ ಬೇವಿನೆಣ್ಣೆಯ ಕಹಿ. ಅಂದು ಬೆಳಿಗ್ಗೆ ಮಾವನ ನೂಲೆಂದು ಅಮ್ಮ ಕೆಂಡಕ್ಕೆ ಹಿಡಿದಿದ್ದ ಎಳೆಯದೇ ವಾಸನೆ.