ಕೈ ಹಿಡಿದು ಕೂತವರು

ನಿದ್ದೆ ಹೋದವರ ನೋವು ಕೈ ಹಿಡಿದು ಕೂತವರಿಗೆ ದಾಟುತ್ತದೆಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಹಾಗಾಗಿ ಗರ್ಭಕೋಶದ ಬೇನೆಯ ವಾರ್ಡಿನಲ್ಲಿ ಪ್ರತಿ ಮಂಚದ ಪಕ್ಕ ಒಂದು ಸ್ಟೂಲು. ನೆಗಡಿಗೆ ಕೊಡುವ ನಿದ್ದೆ ಬರಿಸುವ ಮಾತ್ರೆ ಈ ಬೇನೆಯನ್ನೂ ಇಳಿಸೀತೇ ಎಂಬ ಸಂಶೋಧನೆ ಅಲ್ಲಿ ನಡೆದಿತ್ತು. ಉತ್ತರ ಹೇಳಬೇಕಾದವರು ಸ್ಟೂಲಿನ ಮೇಲಿನವರು.

ಕಸ್ತೂರಿ ಎಂಟು ದಿನ ಮಾತ್ರೆ ನುಂಗಿ ನಿದ್ದೆ ಹೋದಳು; ತಾಯಿ ಬಾಳವ್ವ ಅವಳ ಕೈ ಹಿಡಿದು, ಸೆರಗು ಕಚ್ಚಿ ಕೂತಳು.

"ಯವ್ವಾ, ಇವತ್ತ ನೀ ಹೊರಗ ಕುಂದ್ರು," ಎಂದಳು ಕಸ್ತೂರಿ ಒಂಬತ್ತನೆಯ ದಿನ.

"ಹೊರಗ ಕುಂತು ನೊಣಾ ಹೊಡೀಲೇನು? ಸುಮ್ನ ನುಂಗು."

ಮಾತ್ರೆಯನ್ನು ಕಸ್ತೂರಿ ದವಡೆಯಲ್ಲಿ ಅಡಗಿಸಿ ಕಣ್ಣು ಮುಚ್ಚಿದಳು. ಎಚ್ಚರವಿದ್ದವಳ ನೋವು ಅವಳಲ್ಲೇ ಉಳಿದು, ಹೊಟ್ಟೆಯೊಳಗೆ ಹಗ್ಗ ಹೊಸೆಯಿತು. ಶಿವನೇ, ಬೆರಳು ಬಿಗಿಯದಿರಲಿ ಎಂದು ಬೇಡುತ್ತ, ನಿದ್ದೆ ಹೋದವರಂತೆ ಉಸಿರನ್ನು ನೀಳವಾಗಿ ಎಳೆದಳು.

"ಡಾಕ್ಟರಬಾಯಾರ, ಬರ್ರಿ!" ಬಾಳವ್ವನ ದನಿ ಅರಳಿತು. "ಇವತ್ತ ಏನೂ ನೋಯವಲ್ದು. ನಿಮ್ಮ ಗುಳಿಗಿ ಹತ್ತಿತು ನೋಡ್ರಿ!"

"ಹೌದಾ? ಹಂಗಾರ ಇನ್ನ ಮ್ಯಾಲೂ ಇದನ್ನ ಕೊಡೂಣು," ಎಂದು ಡಾಕ್ಟರು ಸಂತೋಷದಿಂದ ಬರೆದುಕೊಂಡರು.

ನಿರಾಳಳಾದ ಬಾಳವ್ವ ಕೂತಲ್ಲೇ ನಿದ್ದೆ ಹೋದಳು. ಆಗ ಅವಳ ಕೈಯಿಂದ ಕಸ್ತೂರಿಯ ಕೈಗೆ, ಇಷ್ಟು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಬಾಳವ್ವನ ಸ್ವಂತ ನೋವು ದಾಟಿ ಬಂತು.

ಕಸ್ತೂರಿ ಕೈ ಬಿಡಲಿಲ್ಲ.